ಜೇವರ್ಗಿಯಲ್ಲಿ ಒತ್ತಿದ ಬಟನ್

ಈ ಮಾತನ್ನು ಎರಡು ಚಳಿಗಾಲದಿಂದ ಮುಂದೂಡುತ್ತ ಬಂದಿದ್ದೇನೆ. ಪ್ರತಿ ವಾರ ಈ ಅಂಕಣಕ್ಕೆ ಬರೆಯಲು ಬೇರೆ ಏನಾದರೂ ಸಿಗುತ್ತಿತ್ತು. ಬಸ್ಸು, ತೊಗರಿ, ಕರೆಂಟು. ಈ ವಾರ ನಾನು ಹುಡುಕಲಿಲ್ಲ.

ಆಳಂದದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಗ್ಯಾಸ್ ಫೈರ್‌ಪ್ಲೇಸ್ ಇದೆ. (ನಗಬೇಡಿ. ವರ್ಷದ ಬಹುಪಾಲು ನಾವು ಫ್ಯಾನಿನ ಕೆಳಗೇ ಇರುವವರು.) ಅಣ್ಣನ ಮಗ ಮಲ್ಲಿನಾಥ ತೊಗರಿ ವ್ಯಾಪಾರಿ. ಊಟಿಯ ಹೋಟೆಲಿನಲ್ಲಿ ನೋಡಿ ಬಂದವನು ಹೊಸ ಮನೆಗೂ ಹಾಕಿಸಿದ. ಗೋಡೆಯಲ್ಲಿ ಗೂಡು, ಒಳಗೆ ಸುಳ್ಳು ಕಟ್ಟಿಗೆ, ಕೆಳಗೆ ಗ್ಯಾಸ್ ಪೈಪು, ಮುಂದೆ ಗಾಜಿನ ಬಾಗಿಲು. ರಿಮೋಟ್ ಒತ್ತಿದರೆ ಬೆಂಕಿ. ಫೋನಿನಿಂದಲೂ ಹಚ್ಚಬಹುದು, ಯಾವ ಊರಿನಲ್ಲಿ ಕೂತರೂ. ಆ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಟ್ಟ. ಮೆಟ್ರಿಕ್ ಓದಿದ ನನಗೆ ಡಿಗ್ರಿ ಸಿಕ್ಕಷ್ಟು ಹೆಮ್ಮೆ!

ಬೆಂಕಿ ಹಚ್ಚಿದ್ದು ಗೃಹಪ್ರವೇಶದ ದಿನ, ಒಂದೇ ಸಲ. ಆಮೇಲೆ ಗೂಡು ಖಾಲಿ ಬಿತ್ತು. ಮನೆಯಲ್ಲಿ ಖಾಲಿ ಜಾಗ ಎಷ್ಟು ದಿನ ಖಾಲಿ ಇದ್ದೀತು? ನಮ್ಮಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳೊಬ್ಬಳಿದ್ದಳು, ಹತ್ತಿರದ ಮಟಕಿ ಊರಿನವಳು. ಗರಿಗರಿಯಾದ ಕಟಕ ರೊಟ್ಟಿಗೆ ಒಣ ಜಾಗ ಬೇಕು. ಇರುವೆ ಬರಬಾರದು, ತೇವ ತಾಗಬಾರದು. ಗಾಜಿನ ಬಾಗಿಲಿನ ಈ ಗೂಡಿಗಿಂತ ಒಳ್ಳೆಯದು ಯಾವುದು? ಬುಟ್ಟಿಯಲ್ಲಿ ರೊಟ್ಟಿ ಪೇರಿಸಿ, ಬಿಳಿ ಅರಿವೆ ಮುಚ್ಚಿ ಅಲ್ಲಿಟ್ಟಳು. ಮನೆಯವರೆಲ್ಲ ಅಲ್ಲಿಂದಲೇ ತೆಗೆದು ತಿಂದೆವು. ನಾನೂ ತಿಂದೆ.

ಒಂದು ದಿನ ಜೇವರ್ಗಿಗೆ, ಬೀಗರ ಮನೆಗೆ ಹೋಗಿದ್ದೆ. ಮಾತು ಹೊಸ ಮನೆಯ ಕಡೆ ತಿರುಗಿತು.

"ಇಲ್ಲಿ ಕೂತು ಆಳಂದದಾಗ ಬೆಂಕಿ ಹಚ್ಚತೇನಿ, ನೋಡ್ರಿ," ಎಂದೆ.

"ಬಿಡ್ರಿ ಬೀಗರ, ಖಾಲಿಪೀಲಿ ಮಾತು!"

ಒತ್ತಿದೆ. ಪರದೆಯ ಮೇಲೆ 'ಆನ್' ಎಂದು ಬಂತು.

"ಬೆಂಕಿ ಎಲ್ಲದರಿ? ಹೊಗಿ ಸುದ್ದಾ ಕಾಣವಲ್ದು!" ಬೀಗರು ತೊಡೆ ತಟ್ಟಿ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಚುರುಮುರಿ ಸುಸಲಾ ಬಂತು, ಚಹಾ ಬಂತು. ಆಫ್ ಮಾಡುವುದನ್ನು ಮರೆತೆ.

ಸಂಜೆ ಮನೆಗೆ ಬಂದರೆ ಹಾಲ್ ತುಂಬ ಸುಟ್ಟ ವಾಸನೆ. ಹೊಗೆ ಕಂಡು ಅಡುಗೆಮನೆಯಿಂದ ಓಡಿ ಬಂದ ಆಕೆ, ಹೊತ್ತಿದ ಬುಟ್ಟಿಯನ್ನು ಬರಿಗೈಯಲ್ಲಿ ಹೊರಗೆಳೆದಿದ್ದಳು. ಬಲ ಅಂಗೈ ತುಂಬ ಗುಳ್ಳೆ. ರೊಟ್ಟಿ ಬಡಿಯುವ ಕೈ ಅದು.

"ರಿಮೋಟ್ ಒರಸಾಕ ಹೋಗಿ ನೀನೇ ಒತ್ತೀದಿ," ಎಂದು ಮಲ್ಲಿನಾಥನ ಹೆಂಡತಿ ಗದರುತ್ತಿದ್ದಳು.

"ಇಲ್ಲರಿ ಅಕ್ಕೋರ, ಕೊರಳಾಗಿನ ಲಿಂಗದಾಣಿ, ನಾ ಮುಟ್ಟಿಲ್ಲ." ಆಮೇಲೆ ನನ್ನತ್ತ ತಿರುಗಿದಳು. "ಕಾಕಾ, ನೀವರ ಹೇಳ್ರಿ. ನಾ ಸುಳ್ಳ ಹೇಳಾಕಿ ಏನ್ರಿ?"

ನಾನು ಏನು ಹೇಳಿದೆ?

"ಆಗಿದ್ದು ಆಗೇದ, ಬಿಡ್ರಿ," ಎಂದೆ. (ದೊಡ್ಡ ಮನಸ್ಸಿನವನ ಹಾಗೆ.) ಮರುದಿನದಿಂದ ಆಕೆಗೆ ಬರಬೇಡ ಎಂದರು. ಆಗಲೂ ಸುಮ್ಮನಿದ್ದೆ.

ಹೋದ ವಾರ ಮಲ್ಲಿನಾಥ ಹೊಸ ಫೋನ್ ಕೊಂಡ. ಪಕ್ಕದಲ್ಲಿ ಕೂತು ಆ್ಯಪ್ ತೆರೆದು ತೋರಿಸಿದ. ಯಾರು, ಯಾವಾಗ ಒತ್ತಿದರು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದಂತೆ. ನಮ್ಮ ಬೆಂಕಿಯ ಚರಿತ್ರೆ ಬಹಳ ಚಿಕ್ಕದು. ಒಂದು ಸಾಲಿನಲ್ಲಿ 'ಕಾಕಾ ಫೋನ್' ಎಂದಿತ್ತು.

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ನಂಗ ಅವತ್ತೇ ಗೊತ್ತಾಗಿತ್ತು ಕಾಕಾ," ಎಂದ ಮಲ್ಲಿನಾಥ, ಫೋನಿನಿಂದ ಕಣ್ಣೆತ್ತದೆ. "ಹಿರ್ಯಾರ ಮರ್ಯಾದಿ ಹೋಗತದ ಅಂತ ಸುಮ್ಮ ಇದ್ದೆ."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಹಿರಿಯನ ಮರ್ಯಾದೆಯನ್ನು ನಾವಿಬ್ಬರೂ ಸೇರಿ ಜೋಪಾನ ಮಾಡಿದ್ದೆವು. ಆಕೆಯದು?

ಮಟಕಿ ದೂರವಿಲ್ಲ. ಬಸ್ಸೂ ಇದೆ. ಈ ವಾರ ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ. ಬಂದು ಇದನ್ನು ಬರೆಯಲು ಕೂತೆ. ಆಕೆಗೆ ಓದಲು ಬರುವುದಿಲ್ಲ.

ಓದಲು ಬಾರದವರ ಮುಂದೆ ಪತ್ರಿಕೆಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಬಹಳ ಸುಲಭ, ಅಲ್ಲವೇ ನಾಗಮ್ಮ?