ಹತ್ತು ನಿಮಿಷದ ಬ್ರೋಕರಣ್ಣ

ಸಂಬಳ ಸಾಲುವಂಥ ಆ ಚಿಕ್ಕ ಊರಿನಲ್ಲಿ ನಮಗೆ ಮೊದಲ ಬಾಡಿಗೆ ಮನೆ ಹುಡುಕಿಕೊಟ್ಟ ಬ್ರೋಕರಣ್ಣನಿಗೆ ಎಲ್ಲವೂ ಹತ್ತೇ ನಿಮಿಷ: ಮಾರ್ಕೆಟ್ಟು ಹತ್ತು, ಬಸ್‌ಸ್ಟ್ಯಾಂಡು ಹತ್ತು, ಒಂದು ಗಂಟೆ ತಡವಾಗಿ ಬರುವ ಅವನೂ 'ಹತ್ತೇ ನಿಮಿಷ ಸಾರ್'. ನಾನು ನಡೆದು ನೋಡಿ 'ಹದಿನೇಳಾಯ್ತಲ್ಲಪ್ಪ' ಎಂದರೆ, 'ದಾರೀಲಿ ಯಾರನ್ನೋ ಮಾತಾಡ್ಸಿರ್ತೀರಿ, ಅದನ್ನ ಕಳೀರಿ' ಎನ್ನುತ್ತಿದ್ದ. ನಿಜವಾಗಿಯೂ ಮಾತಾಡಿಸಿರುತ್ತಿದ್ದೆ. ತುಂಬು ಗರ್ಭಿಣಿಯಾಗಿದ್ದ ನನ್ನ ಹೆಂಡತಿ ರೈಲ್ವೆ ಗೇಟಿನಾಚೆಯ ವಿಶಾಲವಾದ ಮನೆಯನ್ನು ಮೆಚ್ಚಿದಾಗ ಮಾತ್ರ ಅವನು ಬೀಗದ ಕೈ ಜೇಬಿಗಿಳಿಸಿ, 'ಬೇಡ ತಂಗಿ, ಗೇಟು ಹಾಕಿದ್ರೆ ಆಸ್ಪತ್ರೆಗೆ ಇಪ್ಪತ್ಮೂರು ನಿಮಿಷ' ಎಂದ. 'ಹತ್ತಲ್ವಾ?' ಎಂದು ನಕ್ಕೆ. 'ಇದೊಂದನ್ನ ಗಡಿಯಾರ ಹಿಡಿದು ನೋಡಿದೀನಿ ಸಾರ್. ದೊಡ್ಡ ಊರಲ್ಲಿದ್ದಾಗ ನಾವು ತಲುಪೋಕೆ ಎಪ್ಪತ್ತಾಯ್ತು. ಮಗು ಉಳೀಲಿಲ್ಲ.' ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅವನು ಕೊಡಿಸಿದ ಇಕ್ಕಟ್ಟು ಮನೆಯಲ್ಲೇ ನಮ್ಮ ಮಗಳು ಗೋಡೆ ಹಿಡಿದು ನಡೆಯಲು ಕಲಿತಳು.