ನಕಾಶೆಯಲ್ಲಿಲ್ಲದ ಬಾವಿ

ಆಳಂದದಲ್ಲಿ ಯಾರಾದರೂ ದಾರಿ ಕೇಳಿದರೆ ನಮ್ಮ ಶಂಕರಪ್ಪ ಸರ್ ಈಗ ಇಲ್ಲದ ಊರಿನ ದಾರಿ ಹೇಳುತ್ತಿದ್ದರು. "ಅಗಸಿ ದಾಟ್ರಿ, ಹುಣಸಿಗಿಡದ ಬಲಕ್ಕ ಹೊಳ್ರಿ." ಊರಬಾಗಿಲಾಗಿದ್ದ ಆ ಅಗಸಿ ಅವರು ಹುಟ್ಟುವ ಮೊದಲೇ ಬಿದ್ದಿತ್ತು, ಹುಣಸೆಮರವಿದ್ದಲ್ಲಿ ಬ್ಯಾಂಕು ಎದ್ದಿತ್ತು. ಕೇಳಿದವರು ಬೆಪ್ಪಾಗಿ ನಿಂತರೆ ಸರ್‌ಗೇ ಸಿಟ್ಟು. "ಊರಿಗಿ ಬರೋರು ಊರು ತಿಳ್ಕೊಂಡು ಬರಬಾರದೇನ್ರಿ?"

ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದವರು ಅವರು. ಮನೆಯ ಟ್ರಂಕಿನಲ್ಲಿ ನಿಜಾಮರ ಕಾಲದ ನಕಾಶೆಗಳು, ಬಟ್ಟೆಗೆ ಅಂಟಿಸಿದವು, ಒಣಗಿದ ಬೇವಿನೆಲೆಯ ನಡುವೆ. ಅವುಗಳನ್ನು ನೋಡಿ ಹಳೆಯ ಊರಿನ ಗುರುತುಗಳನ್ನೆಲ್ಲ ಸೇರಿಸಿ ತಮ್ಮದೇ ಒಂದು ನಕಾಶೆ ಬರೆಯುತ್ತಿದ್ದರು. ಯಾರಾದರೂ ಚಹಾ ಹಿಡಿದು ಹತ್ತಿರ ಹೋದರೆ, "ಏ, ಹಿಂದ ಸರಿ, ಪ್ಯಾಟಿ ಮುಳುಗ್ತದ!"

ನಾನು ಬಿ.ಎ. ಮುಗಿಸಿದೆ. ನಮ್ಮ ಕೇರಿಯಲ್ಲೇ ಮೊದಲನೆಯವಳು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪೇಢೆ ಹಂಚಲು ಹೋದಾಗ ಕಿರಾಣಿ ಅಂಗಡಿಯವ, "ನಿನ್ನೆ ಮೊನ್ನೆ ಬಂದು ಕುಂತ ಮಂದಿ ನೀವು, ಭಾರಿ ಮುಂದ ಹೊಂಟೀರಲ್ಲಬೇ" ಎಂದ. ಊರ ಬಾವಿ ಮುಟ್ಟಗೊಡದ ಕಾಲದಲ್ಲಿ ನಮ್ಮ ಹಿರಿಯರು ತಾವೇ ಒಂದು ಬಾವಿ ತೋಡಿದ್ದರು. ಆ ನೀರು ಕುಡಿದು ದೊಡ್ಡವಳಾದವಳು ನನ್ನ ಆಯಿ, ಅಪ್ಪನ ತಾಯಿ. ರಸ್ತೆ ಅಗಲ ಮಾಡುವಾಗ ಅದನ್ನು ಮುಚ್ಚಿಬಿಟ್ಟರು. ಆ ಬಾವಿ ನಕಾಶೆಯಲ್ಲಿ ಸಿಕ್ಕರೆ ಅಂಗಡಿಯವನ ಮುಂದೆ ಹರವಬೇಕೆಂದು ಸರ್ ಹತ್ತಿರ ಹೋದೆ.

ಸರ್ ನಿಜಾಮರ ಕಾಲದ ನಕಾಶೆ ಸುತ್ತಿಕೊಂಡು ನಮ್ಮ ಮನೆಗೇ ಬಂದರು. ಆಯಿಗೆ ಕಣ್ಣು ಮಂಜು. "ನಮ್ಮ ಬಾವಿ ಎಲ್ಲದರಿ ಸರ? ಬೊಟ್ಟಿಟ್ಟು ತೋರಸ್ರಿ" ಎಂದಳು.

ಎಲ್ಲಾದರೊಂದು ಕಡೆ ಬೊಟ್ಟಿಡಬಹುದಿತ್ತು. ಸರ್ ಇಡಲಿಲ್ಲ. "ಇಲ್ರಿ ಆಯಿ. ಇಲ್ಲಿ ಖಾಲಿ ಬಿಟ್ಟಾರ. ಖಾಲಿ ಅದ ಅಂದ್ರ ಯಾರೂ ಇದ್ದಿಲ್ಲಂತಲ್ಲ. ನಕಾಶಿ ಬರದಾಂವ ಅಲ್ಲಿತನಕ ಬಂದಿಲ್ಲ."

"ಅವಂಗ ನೀರಡಿಕಿ ಆಗಿರಾಕಿಲ್ಲ ಬಿಡ್ರಿ" ಎಂದಳು ಆಯಿ.

ಆಮೇಲೆ ನನ್ನ ಭುಜ ಹಿಡಿದು ರಸ್ತೆಗೆ ಬಂದಳು. ಮೊಬೈಲ್ ಅಂಗಡಿಯ ಮುಂದೆ ಡಾಂಬರಿನ ಮೇಲೆ ಕಾಲೂರಿ, "ಇಲ್ಲೇ" ಎಂದಳು. "ನಿಮ್ಮ ನಕಾಶಿದಾಗ ಬರ್ಕೋರಿ ಸರ್" ಅಂದೆ ನಾನು. ಸರ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. "ಒಂದು ಹಳೀ ಕಾಗದ ಸಿಗ್ಲಿ ತಡಿಯವ್ವಾ. ಬರೇ ಬಾಯಿಮಾತಿನ ಮ್ಯಾಲ ಹ್ಯಾಂಗ ಬರೀಲಿ?"

ಕಾಗದಕ್ಕಾಗಿ ಕಲಬುರಗಿ, ಹೈದರಾಬಾದು ತಿರುಗಿದರು. ಸಿಕ್ಕ ನಕಾಶೆಗಳಲ್ಲೆಲ್ಲ ಆ ಮೂಲೆ ಖಾಲಿ. ಅಷ್ಟರಲ್ಲಿ ಆಯಿ ಹೋದಳು.

ಹೋದ ಚಳಿಗಾಲದಲ್ಲಿ ಸರ್ ಹಾಸಿಗೆ ಹಿಡಿದರು. ನೋಡಲು ಹೋದಾಗ ತಮ್ಮ ನಕಾಶೆ ತರಿಸಿ ನಮ್ಮ ಮೂಲೆಯ ಮೇಲೆ ಕೈಯಿಟ್ಟರು. ಬೆರಳು ಪೆನ್ಸಿಲ್ ಹಿಡಿಯಲಿಲ್ಲ. "ಆಯಿ ಕಾಲಿಟ್ಟಾಗ್ಲೇ ಬರ್ಕೋಬೇಕಿತ್ತು. ನಾನೂ ಅಲ್ಲಿತನಕ ಬರ್ಲಿಲ್ಲ ನೋಡವ್ವಾ."

ಅವರು ತೀರಿಕೊಂಡ ದಿನ ಜೇವರ್ಗಿಯಿಂದ ಬಂದ ಅವರ ಸಂಬಂಧಿಕರೊಬ್ಬರು ಮನೆಯ ದಾರಿ ಕೇಳಿ ಫೋನ್ ಮಾಡಿದರು. ಅಲ್ಲಿದ್ದ ನಾನೇ ಎತ್ತಿದೆ.

"ಅಗಸಿ ದಾಟಿ ಬರ್ರಿ. ನಮ್ಮ ಬಾವಿ ಹತ್ರ ಎಡಕ್ಕ ಹೊಳ್ರಿ."

"ಯಾವ ಬಾವಿರೀ ಅಕ್ಕಾ? ನಾ ಮೊಬೈಲ್ ಅಂಗಡಿ ಮುಂದ ನಿಂತೇನಿ."

"ಬಾವಿ ಮ್ಯಾಲೇ ನಿಂತೀರಿ" ಅಂದೆ.