ಹುಳು ಕಟ್ಟಿದ ಗೋಡೆ

ಆಯುಷ್ಯವೆಲ್ಲ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದ ಅಪ್ಪ, ತಳಕಲ್ಲಿನಿಂದ ಕೊಪ್ಪಳದ ನಮ್ಮ ಮನೆಗೆ ಬಂದಾಗಲೆಲ್ಲ ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಯನ್ನು ನೋಡಿ ಮೂಗು ಮುರಿಯುತ್ತಿದ್ದ. ಅದರಲ್ಲಿ ನಾನು ಉಪ್ಪುನೀರು ತುಂಬಿ ಹವಳ, ಮೀನು ಸಾಕಿದ್ದೆ.

"ಮೀನಿನ ಸಲುವಾಗಿ ಇಷ್ಟು ಕರೆಂಟ್ ಸುಡಬೇಕೇನವಾ?" ಅನ್ನುತ್ತಿದ್ದ.

ಒಂದು ಭಾನುವಾರ ತೊಟ್ಟಿ ತೊಳೆಯುವಾಗ ಕಲ್ಲೊಂದು ಕೈಜಾರಿತು. ಅದರಡಿಯಿದ್ದ ಮರಳಿನ ಕೊಳವೆ ಒಡೆದು, ಒಳಗಿನ ಹುಳು ಹೊರಬಿತ್ತು. ಬೆರಳುದ್ದದ ಗುಲಾಬಿ ಮೈ, ತಲೆಯ ತುಂಬ ಶಾವಿಗೆಯಂಥ ಎಳೆಗಳು. ಆ ಎಳೆಗಳು ಮರಳ ಮೇಲೆ ಹರಡಿ ತಿನಿಸು ಹುಡುಕುವುದನ್ನು ದಿನವೂ ನೋಡಿದ್ದೆ, ಹುಳುವನ್ನು ಮಾತ್ರ ಕಂಡಿರಲಿಲ್ಲ. ಆಗಲೇ ಮೀನೊಂದು ಅದನ್ನು ನುಂಗಲು ಮೂತಿ ಚಾಚಿತ್ತು. ಅಂಗಡಿಯಿಂದ ದ್ರಾಕ್ಷಿ ತಂದಿದ್ದ, ತೂತುಗಳಿದ್ದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಒಂದಿಷ್ಟು ಮರಳು ಹಾಕಿ, ಹುಳುವನ್ನು ಒಳಗೆ ಬಿಟ್ಟು, ತೊಟ್ಟಿಯ ನೀರೊಳಗೇ ಗಾಜಿಗೆ ಒತ್ತಿ ಇಟ್ಟೆ.

"ಸಾಯ್ತೈತೇನು?" ಅಪ್ಪ ಹತ್ತಿರ ಬಂದ.

"ಗೊತ್ತಿಲ್ಲಪ್ಪಾ. ಅದರ ಮನೀನ ಮುರದುಬಿಟ್ಟೆ."

ಸ್ವಲ್ಪ ಹೊತ್ತು ಅದು ಮುದುಡಿಕೊಂಡು ಬಿದ್ದಿತ್ತು. ಆಮೇಲೆ ಎಳೆಗಳು ನಿಧಾನಕ್ಕೆ ಚಾಚಿಕೊಂಡವು. ಒಂದು ಎಳೆಗೆ ಸಿಕ್ಕಿದ ಮರಳಿನ ಕಣ ಅದರ ಗುಂಟ ತೆವಳುತ್ತ ಬಾಯಿಗೆ ಬಂತು. ಹುಳು ಅದನ್ನು ತುಟಿಯಲ್ಲಿ ಹೊರಳಿಸಿ, ಲೋಳೆ ಸವರಿ, ಮೈಸುತ್ತ ಕೂರಿಸಿತು. ಇನ್ನೊಂದು ಕಣ ಹಿಡಿಸಲಿಲ್ಲವೋ ಏನೋ, ಬಿಸಾಡಿತು.

"ಏ, ಕಲ್ಲ ಆರಸಾಕ ಹತ್ತೈತಿ ನೋಡು! ಸಿಮೆಂಟ್ ಎಲ್ಲೈತಿ?"

"ಬಾಯಾಗ ಐತಿ. ಆ ಲೋಳಿ ಐತಲ್ಲ, ಅದ ಸಿಮೆಂಟು."

"ಹೊರೂದೂ ತಾನ, ಕಲಸೂದೂ ತಾನ, ಕಟ್ಟೂದೂ ತಾನ! ಭಾಳ ಛಲೋ ಕೈ ಐತಿ ಬಿಡು," ಎಂದು ಅಪ್ಪ ಕುರ್ಚಿ ಎಳೆದುಕೊಂಡ.

ರೊಟ್ಟಿ ತಿಂದದ್ದೂ ಅಲ್ಲೇ. ಇಟಗಿ ಗುಡಿಗೆ ಹೋಗೋಣವೆಂದು ನನ್ನ ಗಂಡ ಬೈಕಿನ ಕೀಲಿ ಹಿಡಿದು ಬಂದರೆ, "ನಾಳಿ ಹೋಗೂಣ್ರಿ ಅಳಿಯಾರ, ಗುಡಿ ಎಲ್ಲೂ ಹೋಗಾಂಗಿಲ್ಲ," ಅಂದುಬಿಟ್ಟ.

ಸಂಜೆಯ ಹೊತ್ತಿಗೆ ಹುಳುವಿನ ಅರ್ಧ ಮೈ ಮುಚ್ಚುವಷ್ಟು ಹೊಸ ಕೊಳವೆ ಎದ್ದಿತ್ತು, ಬಿಳಿ ಚಿಪ್ಪಿನ ಚೂರು, ಕಂದು ಮರಳು ಒತ್ತೊತ್ತಾಗಿ. ಮರುದಿನ ಅದು ಪೂರ್ತಿ ಒಳಗೆ ಸೇರಿತ್ತು. ಅದನ್ನು ಕೊಳವೆ ಸಮೇತ ಕಲ್ಲಿನ ಸಂದಿಗೆ ಇಡುವ ಕೆಲಸ ಅಪ್ಪನೇ ವಹಿಸಿಕೊಂಡ. ತೋಳಿನತನಕ ಕೈ ಅದ್ದಿ, ಉಸಿರು ಬಿಗಿಹಿಡಿದು ಇಟ್ಟ. ಹೊರತೆಗೆದ ಕೈಯನ್ನು ಮೂಸಿ ನೋಡಿದ.

"ಸಮುದ್ರ ಹಿಂಗ ನಾರತೈತೇನು?"

"ನಾನೂ ನೋಡಿಲ್ಲಪ್ಪಾ," ಅಂದೆ. ಇಬ್ಬರೂ ನಕ್ಕೆವು.